ಮಲಗುವ ಮುನ್ನ ಒಂದು ಚೀಟಿ

ಮಾರ್ಚ್ ಬಂತು, ಸೊಸೈಟಿ, ಬ್ಯಾಂಕುಗಳಲ್ಲಿ ದುಡಿಯುವ ನಮ್ಮ ಶಿರಸಿಯವರಿಗೆ ಇನ್ನು ನಿದ್ದೆ ಅಷ್ಟಕ್ಕಷ್ಟೇ. ಹೋದ ವರ್ಷ ನಾನು ರಾತ್ರಿ ಎರಡಕ್ಕೆ ಎದ್ದು ಕುಳಿತು, ತಾಳೆಯಾಗದ ಅಡಿಕೆ ತೂಕದ ಪಟ್ಟಿಯನ್ನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ.

ಈಗ ಮಲಗುವ ಮುನ್ನ ಐದು ನಿಮಿಷ, ನಾಳೆ ಮಾಡಬೇಕಾದ ಕೆಲಸಗಳನ್ನು ಚೀಟಿಯಲ್ಲಿ ಬರೆದಿಡುತ್ತೇನೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 57 ಯುವಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಕಿ ಕೆಲಸ ಬರೆದವರು ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ.

ಆದ್ದರಿಂದ ‘ಲೆಕ್ಕ ನೋಡುವುದು’ ಎಂದು ಗೀಚಿದರೆ ಸಾಲದು. ‘ಹತ್ತೂವರೆಗೆ ಹನ್ನೆರಡನೇ ಪುಟದ ಚಾಲಿ ಅಡಿಕೆಯ ಮೊತ್ತ ಮತ್ತೆ ಕೂಡುವುದು, ಆಮೇಲೆ ಗೋದಾಮಿನ ರಸೀದಿ ತರಿಸುವುದು’ ಎಂದು ಬರೆಯಿರಿ. ಕಾಗದದಲ್ಲೇ ಬರೆಯಿರಿ, ಮೊಬೈಲ್ ಹಿಡಿದರೆ ವಾಟ್ಸ್ಆ್ಯಪ್ ನೋಡದೆ ಬಿಡುವವರೇ ನಾವು?

ಮೇಲಿನವರು ಹೊರಿಸುವ ಹೊರೆ ಚೀಟಿಯಿಂದ ಇಳಿಯುವುದಿಲ್ಲ. ಅದಕ್ಕೆ ಬಾಯಿಬಿಟ್ಟು ಕೇಳಲೇಬೇಕು. ನನ್ನ ಚೀಟಿ ಮಾತ್ರ ರಾತ್ರಿಯೇ ಅಂಗಿಯ ಜೇಬು ಸೇರುತ್ತದೆ. ಒಮ್ಮೆ ಮರೆತು ಬಟ್ಟೆಯೊಂದಿಗೆ ಒಗೆದುಹೋಗಿತ್ತು, ಅದೊಂದು ಎಚ್ಚರ ಇರಲಿ.