ಹೊಸಬರಿಗೆ ಮಾರ್ಗದರ್ಶಿ: ಮನೆಗೆ ಸಹಿ ಹಾಕುವ ಮುಂಚೆ ಅಳೆಸಿ ನೋಡಿ

ವಿದೇಶಕ್ಕೆ ಬಂದು ಒಂದೆರಡು ವರ್ಷ ಆಗುತ್ತಿದ್ದ ಹಾಗೆ ನಮ್ಮ ಕನ್ನಡ ಸಂಘದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ, "ಬಾಡಿಗೆ ಕಟ್ಟಿ ಕಟ್ಟಿ ಸಾಕಾಯ್ತು, ಒಂದು ಮನೆ ತಗೊಂಡುಬಿಡೋಣವಾ?" ತಗೊಳ್ಳಿ. ವಾಸಕ್ಕಾದರೂ ಸರಿ, ಬಾಡಿಗೆಗೆ ಬಿಡೋಕಾದರೂ ಸರಿ. ಆದರೆ ಅದನ್ನು ನೋಡಿ ಹೇಳುವವರು ನಿಮ್ಮ ಕಡೆಯವರಾಗಿರಲಿ. ಮಾರುವವರ ಏಜೆಂಟ್ ಎಷ್ಟೇ ನಗುನಗುತ್ತಾ ಮಾತಾಡಿದರೂ ಅವರು ಮಾರುವವರ ಕಡೆಯವರೇ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಮೆರಿಕದಲ್ಲಿ ಸರ್ವೆ ಅಂದರೆ ಜಾಗದ ಅಳತೆ, ಕಟ್ಟಡ ನೋಡುವುದಕ್ಕೆ ಇನ್‌ಸ್ಪೆಕ್ಷನ್ ಅನ್ನುತ್ತಾರೆ. ಬ್ರಿಟನ್‌ನಲ್ಲಿ ಮನೆ ಕೊಳ್ಳುವವರು ಸರ್ವೆ ಅಂದರೆ ಸಾಮಾನ್ಯವಾಗಿ ಕಟ್ಟಡದ ತಪಾಸಣೆಯೇ. ಹಾಗಾಗಿ "ಸರ್ವೆ ಆಗಿದೆ" ಅಂದ ತಕ್ಷಣ ತಲೆ ಆಡಿಸಬೇಡಿ. ಯಾವ ಸರ್ವೆ, ಯಾರು ಮಾಡಿಸಿದ್ದು, ಯಾವಾಗ ಅಂತ ಕೇಳಿ. ಇನ್ನು ಸಾಲ ಕೊಡುವ ಮುಂಚೆ ಬ್ಯಾಂಕ್ ಮಾಡಿಸುವ ಬೆಲೆ ಅಂದಾಜು ಇದೆಯಲ್ಲ, ಅದು ಇವೆರಡೂ ಅಲ್ಲ. ಕೊಟ್ಟ ಸಾಲಕ್ಕೆ ಮನೆ ಸಾಕಾಗುತ್ತದಾ ಅನ್ನೋದಷ್ಟೇ ಬ್ಯಾಂಕಿಗೆ ಬೇಕು. ಸೂರು ಸೋರುತ್ತದಾ ಅನ್ನೋದು ನಿಮ್ಮ ತಲೆನೋವು.

ನಾನು ಮೊದಲ ಮನೆ ತಗೊಂಡಾಗ ಬೇಲಿಯನ್ನೇ ಗಡಿ ಅಂದುಕೊಂಡಿದ್ದೆ. ಮೂರು ವರ್ಷ ಬಿಟ್ಟು ಹಿತ್ತಲಲ್ಲಿ ಒಂದು ರೂಮು ಕಟ್ಟೋಣ ಅಂತ ಸರ್ವೆಯವರನ್ನು ಕರೆಸಿದರೆ, ಅವರು ಮೂಲೆಯ ಪೊದೆ ಸರಿಸಿ, ಲೋಹ ಹುಡುಕುವ ಕೋಲು ಆಡಿಸಿ, ಮಣ್ಣು ಕೆದಕಿ ತುಕ್ಕು ಹಿಡಿದ ಕಬ್ಬಿಣದ ಗೂಟ ತೋರಿಸಿದರು. ಬೇಲಿ ಅದಕ್ಕಿಂತ ಎರಡು ಅಡಿ ಆಚೆಗಿತ್ತು. ಮೂರು ವರ್ಷ ನೀರು ಹಾಕಿ ಬೆಳೆಸಿದ ಗುಲಾಬಿ ಸಾಲು ಪೂರ್ತಿ ಪಕ್ಕದವರ ಜಾಗದಲ್ಲಿ! ಸಾಲದ್ದಕ್ಕೆ ಚರಂಡಿ ಪೈಪಿಗೆ ಅಂತ ಬಿಟ್ಟ ಪಟ್ಟಿ ಹಿತ್ತಲ ಮಧ್ಯೆಯೇ ಹಾದುಹೋಗಿತ್ತು, ಅದರ ಮೇಲೆ ಏನೂ ಕಟ್ಟುವ ಹಾಗಿಲ್ಲ. ಕಾಗದದಲ್ಲಿ ಅದು ಬರೆದೇ ಇತ್ತು. ಓದದೆ ಸಹಿ ಹಾಕಿದವನು ನಾನು.

ಕಟ್ಟಡದ ತಪಾಸಣೆಯ ದಿನ ರಜೆ ಹಾಕಿಯಾದರೂ ಜೊತೆಗೆ ಹೋಗಿ. ರಿಪೋರ್ಟ್‌ನಲ್ಲಿ ಹತ್ತಾರು ಕಡೆ "ಗಮನಿಸಬೇಕು" ಅಂತ ಬರೆದಿರುತ್ತಾರೆ, ಅದರಲ್ಲಿ ಯಾವುದಕ್ಕೆ ನಿಜಕ್ಕೂ ಹೆದರಬೇಕು ಅನ್ನೋದು ಬಾಯಿ ಬಿಟ್ಟು ಕೇಳಿದರೇ ಗೊತ್ತಾಗೋದು. ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ನೆಲದಡಿಯ ಪೈಪು ಮಾಮೂಲಿ ತಪಾಸಣೆಯಲ್ಲಿ ಸಾಮಾನ್ಯವಾಗಿ ಸೇರಿರೋದಿಲ್ಲ. ಅಂಗಳದಲ್ಲಿ ದೊಡ್ಡ ಮರ ಇದ್ದರೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ, ಬೇರು ನುಗ್ಗಿರಬಹುದು. ಹಳೆಯ ಮನೆ ಆದರೆ ಇನ್ನೂ ಹುಷಾರು: ಅಮೆರಿಕದಲ್ಲಿ 1978ಕ್ಕಿಂತ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು, ಬ್ರಿಟನ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಪೂರ್ತಿ ನಿಷೇಧ ಆಗಿದ್ದೇ 1999ರಲ್ಲಿ.

ಹಳೆ ಸಾಲ, ಬಾಕಿ ತೆರಿಗೆ, ಬೇರೆಯವರಿಗೆ ಓಡಾಡೋಕೆ ಇರುವ ಹಕ್ಕು, ಪರ್ಮಿಟ್ ಇಲ್ಲದೆ ಸೇರಿಸಿದ ರೂಮು, ಇವೆಲ್ಲ ವಕೀಲರ ಕೆಲಸ. ಅಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ಬಾಡಿಗೆಗೆ ಬಿಡೋಕೆ ಕೊಳ್ಳುವವರಿಗೆ ಇನ್ನೊಂದು ಮಾತು. "ಇಷ್ಟು ಬರಬಹುದು" ಬೇರೆ, "ಇಷ್ಟು ಬರುತ್ತಿದೆ" ಬೇರೆ. ಈಗಾಗಲೇ ಬಾಡಿಗೆದಾರರು ಇದ್ದರೆ ಅವರ ಕರಾರು ಪತ್ರ ಮತ್ತು ಹಿಂದಿನ 12 ತಿಂಗಳ ಬಾಡಿಗೆ ಬಂದ ಲೆಕ್ಕ ಕೇಳಿ, ಅವರ ಡೆಪಾಸಿಟ್ ಯಾರ ಹತ್ತಿರ ಇದೆ ಅನ್ನೋದನ್ನೂ ಕೇಳಿ. ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಸಹಿಗೆ ಮುಂಚೆಯೇ ವಿಚಾರಿಸಿ, ನೆರೆ ಬರುವ ಜಾಗ ಆಗಿದ್ದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಫ್ಲ್ಯಾಟ್ ಆದರೆ ಮಾಲೀಕರ ಸಂಘದ ಮೀಟಿಂಗ್ ನಡಾವಳಿ ತರಿಸಿಕೊಂಡು ಓದಿ. ಬೋರು ಹೊಡೆಸುತ್ತದೆ, ನಿಜ. ಆದರೆ ಮೂರು ಮೀಟಿಂಗ್‌ನಲ್ಲೂ ಲಿಫ್ಟ್ ರಿಪೇರಿ ಮುಂದಕ್ಕೆ ಹಾಕಿದ್ದರೆ, ಕೂಡಿಟ್ಟ ಹಣವೂ ಸಾಲದಿದ್ದರೆ, ಆ ಬಿಲ್ಲು ಯಾರ ತಲೆಗೆ ಬರುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ವಾಪಸ್ ಪಡೆದು ಹಿಂದೆ ಸರಿಯಬಹುದು ಅನ್ನುವ ಷರತ್ತು ಅಗ್ರಿಮೆಂಟ್‌ನಲ್ಲಿ ಇದೆಯಾ, ಅದಕ್ಕೆ ಕೊನೆಯ ದಿನ ಯಾವುದು ಅಂತ ವಕೀಲರಿಂದ ತಿಳಿದುಕೊಳ್ಳಿ. ಆ ದಿನ ದಾಟಿದ ಮೇಲೆ ರಿಪೋರ್ಟ್ ಬಂದರೆ ಸುಮ್ನೆ ಓದಿಕೊಳ್ಳಬಹುದು ಅಷ್ಟೇ. ಒಳ್ಳೆಯ ಸರ್ವೆಯವರು ಕರೆದ ದಿನವೇ ಸಿಗೋದಿಲ್ಲ. ಮಾತುಕತೆ ಮುಗಿದ ಸಂಜೆಯೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.