ಜೀ-ರಾಫ್‌ನ ಫಾಂಟ್ ಟೇಬಲ್‌ಗಳನ್ನ ಕೆಡದ ಹಾಗೆ ನೋಡ್ಕೊಳ್ಳೋದು ಹೇಗೆ

ಗ್ನೂ ಟ್ರಾಫ್‌ಗೆ, ಅಂದ್ರೆ ಟೆಕ್ಸ್ಟ್ ಫೈಲಿಂದ ಪ್ರಿಂಟ್‌ಗೆ ಪುಟ ಜೋಡಿಸೋ, ನಾವು ಜೀ-ರಾಫ್ (groff) ಅಂತೀವಲ್ಲ ಆ ಪ್ರೋಗ್ರಾಂಗೆ, ಹೊಸ ಫಾಂಟ್ ಸೇರಿಸೋ ಮುಂಚೆ ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಸಾಲು ಜೋಡಿಸೋ ಪ್ರೋಗ್ರಾಂ ಫಾಂಟ್ ಫೈಲನ್ನ ತೆರೆದೇ ನೋಡಲ್ಲ. ಅಕ್ಷರ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ, ಗೊತ್ತಿರೋದು ಟೇಬಲ್‌ನಲ್ಲಿ ಬರೆದಿರೋ ಅಳತೆ ಮಾತ್ರ, ಅದನ್ನ ನಂಬ್ಕೊಂಡೇ ಸಾಲು ಎಲ್ಲಿ ಮುರೀಬೇಕು ಅಂತ ಲೆಕ್ಕ ಹಾಕತ್ತೆ. ಟೇಬಲ್ ತಪ್ಪಿದ್ರೆ ಎರರ್ ಏನೂ ಬರಲ್ಲ, ಪುಟ ಸುಮ್ನೆ ಕೆಟ್ಟದಾಗಿ ಬರತ್ತೆ ಅಷ್ಟೇ.

ಟೇಬಲ್ ಅಂದ್ರೆ ಬರೀ ಟೆಕ್ಸ್ಟ್ ಫೈಲು. ಮೇಲ್ಗಡೆ ಫಾಂಟ್ ಹೆಸರು, ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗಿರಬೇಕು ಅಂತ ಪ್ರಿಂಟರ್‌ಗೆ ಹೇಳೋ ಭಾಷೆ) ಒಳಹೆಸರು, ಸ್ಪೇಸ್ ಅಗಲ, ಲಿಗೇಚರ್‌ಗಳು (ಎಫ್ ಐ ಥರ ಕೂಡಿಸಿ ಒಂದೇ ಮಾಡಿರೋ ಅಕ್ಷರಗಳು), ಆಮೇಲೆ ಕರ್ನ್ ಜೋಡಿಗಳು (ಯಾವ ಎರಡು ಅಕ್ಷರಗಳ ಮಧ್ಯದ ಜಾಗ ಎಷ್ಟು ಹೊಂದಿಸಬೇಕು ಅನ್ನೋದು), ಅಕ್ಷರಗಳ ಪಟ್ಟಿ. ಪಟ್ಟೀಲಿ ಒಂದು ಅಕ್ಷರಕ್ಕೆ ಒಂದು ಸಾಲು. ಟೈಮ್ಸ್ ರೋಮನ್‌ನ ಕ್ಯಾಪಿಟಲ್ ಎ ತಗೊಳ್ಳಿ, ಅಗಲ 722, ಎತ್ತರ 674, ಆಮೇಲೆ 2 ಅಂತ ಒಂದು ಅಂಕಿ, ಕೊನೇಗೆ ಕೋಡ್ 65. ಆ 2 ಅಂದ್ರೆ ಅಕ್ಷರ ಮೇಲಕ್ಕೆ ಏರಿದೆ ಅಂತ, ಸ್ಮಾಲ್ ಜಿ ಥರ ಕೆಳಗೆ ಇಳಿದಿದ್ರೆ 1, ಎರಡೂ ಇದ್ರೆ 3, ಎರಡೂ ಇಲ್ದಿದ್ರೆ 0. ಪೋಸ್ಟ್‌ಸ್ಕ್ರಿಪ್ಟ್ ಡಿವೈಸ್‌ನಲ್ಲಿ ಇಂಚಿಗೆ 72000 ಯೂನಿಟ್, ಅಂದ್ರೆ ಒಂದು ಪಾಯಿಂಟಿಗೆ 1000, ಹಾಗಾಗಿ 10 ಪಾಯಿಂಟ್ ಸೈಜಲ್ಲಿ ಆ ಎ 7220 ಯೂನಿಟ್ ಜಾಗ ತಗೊಳ್ಳತ್ತೆ, ಅಂದ್ರೆ 7.22 ಪಾಯಿಂಟ್. ಅಗಲ ಕೇಳೋ ಎಸ್ಕೇಪ್ (ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗೋ ಕಮಾಂಡ್) ಬಳಸಿ ಇದೇ ನಂಬರ್ ಟರ್ಮಿನಲ್‌ಗೆ ಪ್ರಿಂಟ್ ಮಾಡಿಸಿ ನೋಡಿ, ಬೇರೆ ಬಂದ್ರೆ ನೀವು ಅಂದ್ಕೊಂಡಿರೋ ಟೇಬಲ್ ಲೋಡೇ ಆಗಿಲ್ಲ.

ಈಗ ಮುಖ್ಯ ವಿಷಯ, ಈ ಫೈಲನ್ನ ಕೈಯಿಂದ ತಿದ್ದಬೇಡಿ. ಒಂದು ಅಂಕಿ ತಾನೇ ಅನ್ಸತ್ತೆ, ಆದ್ರೆ ಆರು ತಿಂಗಳಾದ್ಮೇಲೆ ಯಾವ ಅಂಕಿ ಫಾಂಟ್‌ದು ಯಾವುದು ನಿಮ್ಮದು ಅಂತ ನಿಮಗೇ ಗೊತ್ತಾಗಲ್ಲ. ಎಎಫ್‌ಎಂ ಫೈಲಿಂದ (ಫಾಂಟ್‌ನ ಅಳತೆಗಳಿರೋ ಟೆಕ್ಸ್ಟ್ ಫೈಲು) ಟೇಬಲ್ ಮಾಡೋಕೆ ಜೀ-ರಾಫ್ ಜೊತೇಲೇ ಎಎಫ್‌ಎಂ-ಟು-ಡಿಟ್ (afmtodit) ಅನ್ನೋ ಟೂಲ್ ಬರತ್ತೆ, ಅದಕ್ಕೆ ಎನ್‌ಕೋಡಿಂಗ್ ಫೈಲು (ಯಾವ ಅಕ್ಷರಕ್ಕೆ ಯಾವ ಕೋಡ್ ಅನ್ನೋದು), ಎಎಫ್‌ಎಂ, ಅಕ್ಷರದ ಹೆಸರುಗಳ ಮ್ಯಾಪ್ ಫೈಲು, ಕೊನೇಗೆ ಟೇಬಲ್‌ಗೆ ನೀವಿಡೋ ಹೆಸರು ಕೊಡಬೇಕು. ಆ ಕಮಾಂಡನ್ನ ಒಂದು ಮೇಕ್‌ಫೈಲ್‌ನಲ್ಲಿ (ಕಮಾಂಡ್‌ಗಳನ್ನ ಬರೆದಿಟ್ಟು ಮತ್ತೆ ಮತ್ತೆ ಓಡಿಸೋ ಫೈಲು) ಹಾಕಿ, ಫಾಂಟ್, ಎಎಫ್‌ಎಂ, ಟೇಬಲ್ ಮೂರನ್ನೂ ಫೈಲ್‌ಗಳ ಹಳೇ ಆವೃತ್ತಿಗಳನ್ನ ಕಾಪಾಡೋ ಗಿಟ್‌ನಲ್ಲಿ ಒಟ್ಟಿಗೆ ಇಡಿ. ಏನಾದ್ರೂ ಬದಲಾಯಿಸಬೇಕಾ, ಮ್ಯಾಪನ್ನೋ ಎನ್‌ಕೋಡಿಂಗನ್ನೋ ಬದಲಾಯಿಸಿ, ಟೇಬಲ್ ಮತ್ತೆ ಹುಟ್ಟಿಸಿ, ಹಳೇದ್ರ ಜೊತೆ ಡಿಫ್, ಅಂದ್ರೆ ಯಾವ ಸಾಲು ಬದಲಾಗಿದೆ ಅಂತ, ನೋಡಿ. ಡಿಫ್‌ನಲ್ಲಿ ನೀವು ನಿರೀಕ್ಷೆ ಮಾಡದ ಸಾಲು ಒಂದೇ ಒಂದು ಕಂಡ್ರೂ ಅಲ್ಲೇ ನಿಲ್ಲಿ.

ಇದು ನನಗೆ ಬಿಸಿ ತಟ್ಟಿದ ಮೇಲೆ ಕಲಿತಿದ್ದು. ಒಂದು ಸಲ ಫಾಂಟ್ ಮಾತ್ರ ಹೊಸ ಆವೃತ್ತಿಗೆ ಬದಲಾಯಿಸಿ ಟೇಬಲ್ ಹಳೇದೇ ಬಿಟ್ಟಿದ್ದೆ, ಕೆಲವು ಅಕ್ಷರಗಳ ಅಗಲ ಚೂರೇ ಚೂರು ಬದಲಾಗಿತ್ತು, ಸ್ಕ್ರೀನಲ್ಲಿ ಏನೂ ಕಾಣ್ಲಿಲ್ಲ, ಪ್ರಿಂಟ್ ತೆಗೆದು ಬಲಗಡೆ ಅಂಚಿಗೆ ಸ್ಕೇಲ್ ಇಟ್ಟಾಗ ಕೆಲವು ಸಾಲು ಹೊರಗೆ ಚಾಚಿದ್ವು. ಎರಡು ದಿನ ಮ್ಯಾಕ್ರೋಗಳಲ್ಲಿ ತಪ್ಪು ಹುಡುಕಿದ್ದೆ, ತಪ್ಪು ಅಲ್ಲಿ ಇರಲೇ ಇಲ್ಲ.

ಸಿಸ್ಟಮ್ ಫೋಲ್ಡರ್‌ನಲ್ಲಿ ನಿಮ್ಮ ಟೇಬಲ್ ಇಡಬೇಡಿ, ಅಪ್‌ಗ್ರೇಡ್ ಆದಾಗ ಹೋಗ್ಬಿಡತ್ತೆ. ಬೇರೆ ಫೋಲ್ಡರ್ ಮಾಡಿ, ಒಳಗೆ ಡಿವೈಸ್ ಹೆಸರಿನ ಸಬ್‌ಫೋಲ್ಡರ್ ಇರಲಿ, ಕ್ಯಾಪಿಟಲ್ ಎಫ್ ಆಪ್ಷನ್‌ನಲ್ಲೋ ಫಾಂಟ್ ಪಾತ್ ವೇರಿಯಬಲ್‌ನಲ್ಲೋ ದಾರಿ ಕೊಟ್ರೆ ಸಾಕು. ಫಾಂಟ್ ಔಟ್‌ಪುಟ್ ಒಳಗೇ ಸೇರಬೇಕು ಅಂದ್ರೆ ಡೌನ್‌ಲೋಡ್ ಅನ್ನೋ ಫೈಲಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಹೆಸರು, ಫಾಂಟ್ ಫೈಲ್ ಹೆಸರು ಒಂದು ಸಾಲಲ್ಲಿ ಬರೀಬೇಕು. ಆ ಹೆಸರು ಟೇಬಲ್‌ನ ಒಳಹೆಸರಿಗೆ ಅಕ್ಷರ ಅಕ್ಷರಕ್ಕೂ ಹೊಂದ್ಬೇಕು. ಪ್ರಿಂಟಲ್ಲಿ ಇದ್ದಕ್ಕಿದ್ದಂಗೆ ಟೈಪ್‌ರೈಟರ್ ಥರದ ಕೊರಿಯರ್ ಫಾಂಟ್ ಬಂತು ಅಂದ್ರೆ ಮೊದಲು ಇಲ್ಲೇ ನೋಡಿ.

ವಾರ್ನಿಂಗ್‌ಗಳನ್ನ ದಯವಿಟ್ಟು ಡೆವ್ ನಲ್‌ಗೆ (/dev/null, ಅಲ್ಲಿ ಹೋಗಿದ್ದು ಕಾಣದೆ ಮಾಯ ಆಗತ್ತೆ) ಕಳಿಸ್ಬೇಡಿ. ಅಕ್ಷರ ಈ ಟೇಬಲ್‌ನಲ್ಲೂ ಇಲ್ಲ, ಸ್ಪೆಷಲ್ ಅಂತ ಗುರುತು ಮಾಡಿರೋ ಫಾಂಟ್‌ಗಳಲ್ಲೂ ಇಲ್ಲ ಅಂದ್ರೆ ಅದು ಪುಟದಿಂದ ಮಾಯ ಆಗತ್ತೆ, ನಿಮಗೆ ಸಿಗೋ ಸುಳಿವು ಆ ಒಂದು ಸಾಲಿನ ವಾರ್ನಿಂಗ್ ಮಾತ್ರ.

ಟೇಬಲ್ ಹೊಸದಾಗಿ ಮಾಡಿದಾಗೆಲ್ಲ ಒಂದು ಟೆಸ್ಟ್ ಪುಟ ತೆಗೀರಿ, ಎಲ್ಲಾ ಅಕ್ಷರ ದೊಡ್ಡ ಸೈಜಲ್ಲಿ, ಪ್ರತಿಯೊಂದರ ಎಡಕ್ಕೂ ಬಲಕ್ಕೂ ಟೇಬಲ್ ಹೇಳೋ ಅಗಲದಲ್ಲಿ ತೆಳು ಗೆರೆ. ಇಟಾಲಿಕ್‌ನಲ್ಲಿ ಸ್ಮಾಲ್ ಎಫ್ ಗೆರೆ ದಾಟೋದು ಸಹಜ, ನೆಟ್ಟಗಿರೋ ಫಾಂಟ್‌ನಲ್ಲಿ ಕ್ಯಾಪಿಟಲ್ ಎಚ್ ಗೆರೆ ಮುಟ್ಟಿದ್ರೆ ಎಎಫ್‌ಎಂ ಒಂದು ಫಾಂಟ್ ಇನ್ನೊಂದು ಆಗಿರೋ ಸಾಧ್ಯತೆ ಜಾಸ್ತಿ. ಆಮೇಲೆ ಎ ಪಕ್ಕ ವಿ ಇಟ್ಟು ನೋಡಿ, ಎರಡರ ಮಧ್ಯ ಕಣ್ಣಿಗೆ ಹೊಡೆಯೋ ಖಾಲಿ ಜಾಗ ಇದ್ರೆ ಕರ್ನ್ ಜೋಡಿಗಳು ಟೇಬಲ್‌ಗೆ ಬಂದಿಲ್ಲ, ಎಎಫ್‌ಎಂನಲ್ಲೇ ಅವು ಇದಾವಾ ಅಂತ ಮೊದಲು ಹುಡುಕಿ.