ರೋಮನ್ ಬೆಳ್ಳಿ ನಾಣ್ಯ ಓದೋದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ನಾಣ್ಯವನ್ನು ಉಜ್ಜಬೇಡಿ. ಹುಣಸೆಹಣ್ಣು, ನಿಂಬೆರಸ, ಟೂತ್‌ಪೇಸ್ಟ್ ಯಾವುದೂ ಬೇಡ. ಅಂಚಿನಲ್ಲಿ ಹಿಡಿದು, ಬೆಳಕು ಪಕ್ಕದಿಂದ ಬೀಳುವ ಹಾಗೆ ಓರೆ ಮಾಡಿ, ಆಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನಾಣ್ಯ ಇಲ್ವಾ? ಮ್ಯೂಸಿಯಂ ವೆಬ್‌ಸೈಟಿನ ದೊಡ್ಡ ಫೋಟೋ ಸಾಕು.

ರೋಮನ್ ಚಕ್ರವರ್ತಿ ಟಿಬೇರಿಯಸ್‌ನ ಡೆನೇರಿಯಸ್, ಅಂದರೆ ರೋಮಿನ ಬೆಳ್ಳಿ ನಾಣ್ಯ, ತಗೊಳ್ಳಿ. ಆಳಿದ್ದು ಕ್ರಿ.ಶ. 14ರಿಂದ 37. ಇವನ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ! ಎಲ್ಲರೂ ಮುಖ ನೋಡುತ್ತಾರೆ, ನೀವು ಮುಖದ ಸುತ್ತ ಇರುವ ಲ್ಯಾಟಿನ್ ಬರಹ ಓದಿ. ಪದಗಳನ್ನು ಮೊಟಕು ಮಾಡಿರುತ್ತಾರೆ, 'ಯು' ಬರೆಯುವ ಕಡೆ 'ವಿ' ಇರುತ್ತದೆ. ಎಲ್ಲಿಂದ ಶುರು ಅಂತ ಗೊತ್ತಾಗದಿದ್ದರೆ 'ಸೀಸರ್' ಹುಡುಕಿ. ಪೂರ್ತಿ ಬಿಡಿಸಿದರೆ ಹೀಗೆ: ಟಿಬೇರಿಯಸ್ ಸೀಸರ್ ಅಗಸ್ಟಸ್, ದೇವರಾದ ಅಗಸ್ಟಸ್‌ನ ಮಗ. ಅಗಸ್ಟಸ್ ಇವನಿಗಿಂತ ಮೊದಲು ಆಳಿದ ಚಕ್ರವರ್ತಿ. ನಿಜದಲ್ಲಿ ಇವನು ಅಗಸ್ಟಸ್‌ನ ಹೆಂಡತಿಯ ಮೊದಲ ಗಂಡನ ಮಗ, ಅಗಸ್ಟಸ್ ದತ್ತು ತಗೊಂಡಿದ್ದು ಕ್ರಿ.ಶ. 4ರಲ್ಲಿ. ಅಗಸ್ಟಸ್ ಸತ್ತ ಮೇಲೆ ರೋಮಿನ ಹಿರಿಯರ ಸಭೆಯಾದ ಸೆನೆಟ್ ಅವನನ್ನು ದೇವರು ಮಾಡಿತು, ಇವನು ಅದನ್ನೇ ಬೆಳ್ಳಿ ಮೇಲೆ ಒತ್ತಿಸಿ ಊರೂರಿಗೆ ಕಳಿಸಿದ. ಸಿಂಹಾಸನಕ್ಕೆ ಹಕ್ಕುಪತ್ರ ಇದ್ದ ಹಾಗೆ, ಅಲ್ವಾ?

ಆಮೇಲೆ ಕಾಲ. ನಾಣ್ಯದ ಮೇಲೆ ಇಸವಿ ಇರಲ್ಲ, ಬಿರುದುಗಳಿಂದ ಲೆಕ್ಕ ಹಾಕಬೇಕು. ಚಕ್ರವರ್ತಿ ಟ್ರೇಜನ್ ಡೇಸಿಯಾ (ಈಗಿನ ರೊಮೇನಿಯಾ ಕಡೆ) ಮೇಲಿನ ಮೊದಲ ಯುದ್ಧ ಗೆದ್ದು ಕ್ರಿ.ಶ. 102ರಲ್ಲಿ 'ಡಾಕಿಕಸ್' ಆದ, ಪಾರ್ಥಿಯಾ (ಈಗಿನ ಇರಾನ್ ಕಡೆ) ಮೇಲಿನ ಯುದ್ಧದಿಂದ 116ರಲ್ಲಿ 'ಪಾರ್ಥಿಕಸ್' ಆದ. ಹಾಗಾಗಿ ಅವನ ನಾಣ್ಯದಲ್ಲಿ 'ಡಾಕ್' ಇದ್ದು 'ಪಾರ್ಥ್' ಇಲ್ಲದಿದ್ದರೆ ಅದು ಹೆಚ್ಚುಕಡಿಮೆ ಈ ಎರಡರ ನಡುವಿನದು. 'ಟಿಆರ್ ಪಿ' ಅನ್ನೋ ಅಕ್ಷರಗಳ ಪಕ್ಕ ಸಂಖ್ಯೆ ಇದ್ದರಂತೂ ಹಬ್ಬ, ಅದು ಚಕ್ರವರ್ತಿಗಿದ್ದ 'ಟ್ರಿಬ್ಯೂನ್ ಅಧಿಕಾರ'ದ ಮೊಟಕು ರೂಪ, ಆ ಅಧಿಕಾರವನ್ನು ವರ್ಷಕ್ಕೊಮ್ಮೆ ನವೀಕರಿಸುತ್ತಿದ್ದರು.

ಕೊನೆಗೆ ತಕ್ಕಡಿ. ಬರಹದಲ್ಲಿ ರಾಜ ಏನು ಬೇಕಾದರೂ ಕೊಚ್ಚಿಕೊಳ್ಳಲಿ, ಲೋಹ ಖಜಾನೆಯ ಕಥೆ ಹೇಳಿಬಿಡುತ್ತದೆ. ಅಗಸ್ಟಸ್ ಕಾಲದ ಡೆನೇರಿಯಸ್ ಸುಮಾರು 3.9 ಗ್ರಾಂ, ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ಚಕ್ರವರ್ತಿ ನೀರೋ ಕ್ರಿ.ಶ. 64ರ ಸುಮಾರಿಗೆ ತೂಕ, ಬೆಳ್ಳಿ ಎರಡನ್ನೂ ಇಳಿಸಿದ. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಯುದ್ಧದ ಮೇಲೆ ಯುದ್ಧ, ಸೈನಿಕರ ಸಂಬಳ ಜಾಸ್ತಿ. 260ರ ದಶಕದ ಕೊನೆಗೆ 'ಬೆಳ್ಳಿ' ನಾಣ್ಯ ಅಂದರೆ ತಾಮ್ರದ ಬಿಲ್ಲೆ, ಮೇಲೆ ತೆಳ್ಳಗೆ ಬೆಳ್ಳಿ ಲೇಪ.

ಹಾಗಂತ ಹಳೇ ಡೆನೇರಿಯಸ್‌ನ ಅಂಚಲ್ಲಿ ತಾಮ್ರ ಇಣುಕಿದ ತಕ್ಷಣ ಸುಮ್ನೆ ರಾಜನನ್ನು ಬೈಯಬೇಡಿ. ತಾಮ್ರಕ್ಕೆ ಬೆಳ್ಳಿ ತಗಡು ಸುತ್ತಿ ಖೋಟಾ ನಾಣ್ಯ ಮಾಡುವವರು ಆಗಲೂ ಬೇಕಾದಷ್ಟು ಜನ ಇದ್ದರು.